ರೈತ ಹೋದ ಮೇಲೆ ರೈತನ ಚಿತ್ರ



ಬೈಯಪ್ಪನಹಳ್ಳಿ ಹೆಸರಿಗೆ ಇವತ್ತೂ ಹಳ್ಳಿ. ಅಲ್ಲಿ ನೇಗಿಲು ಹೂಡೋಕೆ ಒಂದು ಗುಂಟೆ ನೆಲ ಹುಡುಕಿ ನೋಡಿ, ಸಿಕ್ಕರೆ ನನಗೂ ಹೇಳಿ. ರೈಲು ಬಂತು. 1965ರಲ್ಲಿ ಎನ್‌ಜಿಇಎಫ್ ಕಾರ್ಖಾನೆ ಬಂತು, 2002ರಲ್ಲಿ ಅದೇ ಕಾರ್ಖಾನೆ ಬಾಗಿಲು ಹಾಕಿತು. 2011ರ ಅಕ್ಟೋಬರ್ 20ರಂದು ಬೆಂಗಳೂರಿನ ಮೊದಲ ಮೆಟ್ರೋ ಇಲ್ಲಿಗೂ ಎಂ.ಜಿ. ರಸ್ತೆಗೂ ನಡುವೆ ಓಡಿತು. 2022ರ ಜೂನ್‌ನಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ಹವಾನಿಯಂತ್ರಿತ ರೈಲು ಟರ್ಮಿನಲ್ ಶುರುವಾಯಿತು. ಬಂದದ್ದೆಲ್ಲ ಲೆಕ್ಕಕ್ಕಿದೆ. ಹೋದ ಒಕ್ಕಲುಗಳನ್ನು ಲೆಕ್ಕ ಇಟ್ಟವರು ಯಾರೂ ಇಲ್ಲ.

ಈ ಊರಿನ ಮಗ್ಗುಲಲ್ಲೇ ಹಳೇ ಮದ್ರಾಸ್ ರಸ್ತೆ ಹಾಯುತ್ತದೆ. ಟಿನ್ ಫ್ಯಾಕ್ಟರಿ, ಕೆ.ಆರ್. ಪುರ, ಹೊಸಕೋಟೆ, ನರಸಾಪುರ, ಕೋಲಾರ, ಮುಳಬಾಗಿಲು. ನಮ್ಮ ತರಕಾರಿ, ನಮ್ಮ ಮಾವು, ನಮ್ಮ ಹಾಲು ಪಟ್ಟಣದ ಹೊಟ್ಟೆಗೆ ಇಳಿಯುವ ದಾರಿ ಇದು. ಮೊನ್ನೆ ಒಂದು ಬೆಳಗಿನ ಜಾವ ಟೊಮೇಟೊ ಟೆಂಪೋ ಜೊತೆ ನಾನೂ ಬಂದಿದ್ದೆ. ಬೈಯಪ್ಪನಹಳ್ಳಿ ಹತ್ತಿರ ಟೀ ಕುಡಿಯೋಕೆ ನಿಲ್ಲಿಸಿದಾಗ ಎದುರು ಬದಿಯಲ್ಲಿ ಒಂದು ಗಾಡಿ ನಿಂತಿತ್ತು. ಬಸ್ಸಿನ ಹಾಗಿದೆ, ಬಸ್ಸಲ್ಲ. ಕಿಟಕಿಗೆ ಪರದೆ, ಒಳಗೆ ಮಂಚ, ಒಲೆ, ಕಕ್ಕಸು, ಸ್ನಾನಕ್ಕೆ ಬಿಸಿನೀರು. ನಮ್ಮ ಡ್ರೈವರ್ ಹುಡುಗ, "ಅಣ್ಣಾ, ಇದು ಮನೇನೋ ಗಾಡೀನೋ?" ಅಂದ. ಕ್ಯಾರವಾನ್ ಅಂತಾರಂತೆ. ದಿನಕ್ಕಿಷ್ಟು ಅಂತ ಬಾಡಿಗೆಗೆ ಸಿಗುತ್ತೆ. ಗಂಡ ಹೆಂಡತಿ ಇಬ್ಬರೂ ಒಳ್ಳೆಯವರೇ, ಮಾತಾಡಿಸಿದರು. ಹಿಂದಿನ ವರ್ಷ ಆಸ್ಟ್ರೇಲಿಯಾದಲ್ಲಿ ಇಂಥದೇ ಗಾಡಿ ಹಿಡಿದು ಹಳ್ಳಿ ಊರುಗಳನ್ನೆಲ್ಲ ಸುತ್ತಿ ಬಂದಿದ್ದರಂತೆ. ಈಗ ನಮ್ಮ ಕಡೆಯ ಹಳ್ಳಿ ನೋಡೋಕೆ ಹೊರಟಿದ್ದಾರೆ.

ಆ ಯಜಮಾನರು ಟೆಂಪೋ ನೋಡಿ "ಒಂದೆರಡು ಕೆಜಿ ಕೊಡ್ತೀರಾ, ಏನು ರೇಟು?" ಅಂದರು. ರೇಟು ಗೊತ್ತಿಲ್ಲ ಸ್ವಾಮಿ, ಮಂಡಿಗೆ ಹೋದ ಮೇಲೆ ಅವರು ಹೇಳ್ತಾರೆ, ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. "ನಿಮ್ಮ ಮಾಲಿಗೆ ನಿಮಗೇ ಬೆಲೆ ಗೊತ್ತಿಲ್ವಾ?" ಎಂದು ನಕ್ಕರು. ಅವರ ಗಾಡಿಯ ಬಾಡಿಗೆ ಗೊತ್ತು, ಡೀಸೆಲ್ ಬೆಲೆ ಗೊತ್ತು, ಟೀ ಬೆಲೆ ಗೋಡೆ ಮೇಲೆ ಬರೆದಿದೆ. ಆ ಬೀದಿಯಲ್ಲಿ ಬೆಲೆ ಇಲ್ಲದ ಮಾಲು ಅಂತ ಇದ್ದದ್ದು ನನ್ನ ಟೆಂಪೋ ಒಳಗಿನದು ಮಾತ್ರ.

ಆ ದಂಪತಿಗಳ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟು ಇರುವುದು ಆ ಗಾಡಿಯ ಹಿಂದೆ ಬರುತ್ತಿರುವ ಸರ್ಕಾರಿ ಲೆಕ್ಕಾಚಾರದ ಮೇಲೆ. ಕೇಂದ್ರ ಪ್ರವಾಸೋದ್ಯಮ ಇಲಾಖೆ 2016ರಲ್ಲೇ ಕ್ಯಾರವಾನ್‌ಗೂ ಕ್ಯಾರವಾನ್ ಪಾರ್ಕಿಗೂ ಅಂತ ಒಂದು ನೀತಿ ಮಾಡಿತು. ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನ್‌ಗೆ ಜಾಗ ಸಿಕ್ಕಿತು. ಪಕ್ಕದ ಕೇರಳ 2021ರಲ್ಲಿ ಇನ್ನೂ ಮುಂದೆ ಹೋಗಿ, ಮೊದಲು ಗಾಡಿ ಕೊಳ್ಳುವ ನೂರು ಮಂದಿಗೆ ತಲಾ ಏಳೂವರೆ ಲಕ್ಷ ರೂಪಾಯಿ, ಇಲ್ಲವೆ ಹಾಕಿದ ಬಂಡವಾಳದ ನೂರಕ್ಕೆ 15 ಭಾಗ ಸಹಾಯಧನ ಅಂತ ಸಾರಿತು. ಸಹಾಯಧನ ಎಂಬ ಪದವನ್ನು ಗಮನಿಸಿ. ರೈತನಿಗೆ ಗೊಬ್ಬರಕ್ಕೆ ಕೊಟ್ಟರೆ ಅದು ಖಜಾನೆಗೆ ಹೊರೆ, ಸಾಲ ಮನ್ನಾ ಮಾಡಿದರೆ ಅದು ಆರ್ಥಿಕ ಅಶಿಸ್ತು. ಮಂಚ ಇರುವ ಬಸ್ಸಿಗೆ ಕೊಟ್ಟರೆ ಅದು ಪ್ರೋತ್ಸಾಹ, ಅಭಿವೃದ್ಧಿ!

ಇದರಿಂದ ಹಳ್ಳಿಗೆ ವ್ಯಾಪಾರ ಬರುತ್ತೆ, ರೈತನಿಗೆ ಉಪಕಸುಬು ಆಗುತ್ತೆ, ಆಸ್ಟ್ರೇಲಿಯಾದಲ್ಲಿ ಸತ್ತುಹೋಗುತ್ತಿದ್ದ ಊರುಗಳು ಇದರಿಂದಲೇ ಬದುಕಿವೆ ಅಂತ ಇವರು ಹೇಳುತ್ತಾರೆ. ಸರಿ, ಆಸ್ಟ್ರೇಲಿಯಾಕ್ಕೇ ಹೋಗೋಣ. ಆದರೆ ಒಂದು ಪ್ರಶ್ನೆ ಕೇಳಿಕೊಂಡು ಹೋಗೋಣ: ಆ ಊರುಗಳು ಸಾಯುತ್ತಿದ್ದದ್ದು ಯಾಕೆ?

ವಿಕ್ಟೋರಿಯಾ ಪ್ರಾಂತ್ಯದಲ್ಲಿ ಬ್ರಿಮ್ ಅಂತ ಒಂದು ಸಣ್ಣ ಊರಿದೆ. ಸುತ್ತ ಗೋಧಿ ಹೊಲಗಳು. ಊರಿನ ಜನಸಂಖ್ಯೆ ನಮ್ಮ ಒಂದು ಕೇರಿಯಷ್ಟೂ ಇಲ್ಲ. ಅಲ್ಲಿ 1939ರಲ್ಲಿ ಕಟ್ಟಿದ ದವಸದ ಕಣಜಗಳಿವೆ, ಸೈಲೋ ಅಂತಾರೆ, ಸುಮಾರು 30 ಮೀಟರ್ ಎತ್ತರದ ಕಾಂಕ್ರೀಟ್ ಗೋಪುರಗಳು. ಬಳಕೆ ನಿಂತುಹೋಗಿದ್ದ ಈ ಗೋಪುರಗಳ ಮೇಲೆ ಗೀಡೊ ವಾನ್ ಹೆಲ್ಟನ್ ಎಂಬ ಚಿತ್ರಕಾರ 2016ರ ಹೊತ್ತಿಗೆ ನಾಲ್ಕು ಜನ ರೈತರ ಚಿತ್ರ ಬರೆದು ಮುಗಿಸಿದ. ಬೇರೆ ಬೇರೆ ತಲೆಮಾರಿನ ನಾಲ್ಕು ಜನ, ಬಿಸಿಲಿಗೆ ಒಣಗಿದ ಮುಖ, ದಣಿದ ನಿಲುವು. ಅದನ್ನು ನೋಡೋಕೆ ಕ್ಯಾರವಾನ್‌ಗಳ ಸಾಲು ಶುರುವಾಯಿತು. ಅಕ್ಕಪಕ್ಕದ ಊರುಗಳೂ ತಮ್ಮ ಕಣಜಗಳಿಗೆ ಬಣ್ಣ ಬಳಿಸಿದವು. ಈಗ ಅದು 200 ಕಿಲೋಮೀಟರ್ ಉದ್ದದ ಯಾತ್ರೆಯ ದಾರಿ. ಪ್ಯಾಚೆವೊಲಕ್ ಎಂಬ ಊರಲ್ಲಿ ಒಬ್ಬನೇ ರೈತ, ಗೋಪುರದ ಎತ್ತರಕ್ಕೆ.

ಚಿತ್ರ ಚೆನ್ನಾಗಿದೆ, ನಾನು ಫೋಟೋದಲ್ಲಿ ನೋಡಿದ್ದೇನೆ. ಬರೆದವನನ್ನು ಬೈಯುವ ಹಾಗಿಲ್ಲ. ಆದರೆ ಹೊಟ್ಟೆಯಲ್ಲಿ ಏನೋ ಕಲಕುತ್ತದೆ. ಗೋಧಿ ತುಂಬುತ್ತಿದ್ದ ಕಣಜ ಖಾಲಿ, ಅದರ ಮೈಮೇಲೆ ಗೋಧಿ ಬೆಳೆದವನ ಚಿತ್ರ. ಹೊಲಗಳು ಒಂದಕ್ಕೊಂದು ಸೇರಿ ದೊಡ್ಡ ಹಿಡುವಳಿಗಳಾದವು, ಹತ್ತು ಮನೆ ಮಾಡುತ್ತಿದ್ದ ಬೇಸಾಯವನ್ನು ಒಂದು ಮನೆ ಯಂತ್ರ ಇಟ್ಟು ಮಾಡಿತು, ದವಸದ ವ್ಯಾಪಾರ ಕೆಲವೇ ದೊಡ್ಡ ಕೇಂದ್ರಗಳಿಗೆ ಹೋಯಿತು. ಮಕ್ಕಳಿಲ್ಲದೆ ಶಾಲೆ, ಗಿರಾಕಿಗಳಿಲ್ಲದೆ ಬ್ಯಾಂಕು, ಒಂದಾದ ಮೇಲೊಂದು ಬಾಗಿಲು ಹಾಕಿದವು. ಉಳಿದವರು ಊರ ಬಾಗಿಲಲ್ಲಿ "ಇಲ್ಲಿ ಗಾಡಿ ನಿಲ್ಲಿಸಬಹುದು, ಬಾಡಿಗೆ ಇಲ್ಲ" ಅಂತ ಬೋರ್ಡು ಹಾಕಿಕೊಂಡು, ನಿವೃತ್ತಿ ವೇತನದ ಮುದುಕರು ಎರಡು ರಾತ್ರಿ ಉಳಿದು ಬ್ರೆಡ್ಡು, ಪೆಟ್ರೋಲು ಕೊಂಡರೆ ಸಾಕು ಅನ್ನುವ ಸ್ಥಿತಿಗೆ ಬಂದರು. ಇದನ್ನೇ ನಮಗೆ ಮಾದರಿ ಅಂತ ತೋರಿಸುತ್ತಿದ್ದಾರೆ.

ಅವರಿಗೇನು, ಸಾವಿರಾರು ಎಕರೆ ಜಮೀನಿನವರು ಅಂತ ನೀವು ಅನ್ನಬಹುದು. ಎಕರೆ ಎಷ್ಟಿದ್ದರೇನು, ಬೆಲೆ ಕಟ್ಟುವವನು ಬೇರೆಯವನಾದರೆ? ಅವರ ಉಣ್ಣೆಯ ಕತೆ ಕೇಳಿ. ಅಲ್ಲಿ ಉಣ್ಣೆಗೆ ಸರ್ಕಾರಿ ಬೆಂಬಲದ ಕನಿಷ್ಠ ಬೆಲೆ ಇತ್ತು. ಕಿಲೋಗೆ 870 ಸೆಂಟ್ ಇದ್ದದ್ದನ್ನು 1990ರಲ್ಲಿ 700ಕ್ಕೆ ಇಳಿಸಿದರು, 1991ರ ಫೆಬ್ರವರಿಯಲ್ಲಿ ಕನಿಷ್ಠ ಬೆಲೆಯನ್ನೇ ಕಿತ್ತುಹಾಕಿದರು. ಆಗ ಗೋದಾಮುಗಳಲ್ಲಿ ಬಿದ್ದಿದ್ದ ಉಣ್ಣೆ 47 ಲಕ್ಷ ಬೇಲು. ಅದನ್ನು ಪೂರ್ತಿ ಮಾರಿ ಮುಗಿಸೋಕೆ ಹತ್ತು ವರ್ಷ ಹಿಡಿಯಿತು. ಮೇಯಿಸುವ ಖರ್ಚೂ ಹುಟ್ಟದೆ ಲಕ್ಷ ಲಕ್ಷ ಕುರಿಗಳನ್ನು ಗುಂಡು ಹೊಡೆದು ಗುಂಡಿಗೆ ತಳ್ಳಿದರು. ನಮ್ಮ ಕುರುಬರ ಅಣ್ಣಂದಿರು ಇದನ್ನು ಓದಿ ಏನಂತಾರೋ.

ಇಲ್ಲಿ ನಮ್ಮ ಎದುರಾಳಿಗಳು ಕೈ ತಟ್ಟುತ್ತಾರೆ: ನೋಡಿ, ಬೆಂಬಲ ಬೆಲೆ ಕೊಟ್ಟರೆ ಹೀಗೇ ಆಗೋದು! ಅವರಿಗೆ ಉತ್ತರ ಇದೆ, ಅದನ್ನು ನಮ್ಮವರೂ ಕಿವಿಗೊಟ್ಟು ಕೇಳಬೇಕು. ಆ 870 ಸೆಂಟನ್ನು ಕಟ್ಟಿದ್ದು ಬೆಳೆಗಾರನ ಖರ್ಚಿನ ಲೆಕ್ಕದ ಮೇಲಲ್ಲ. 1988ರಲ್ಲಿ ಮಾರುಕಟ್ಟೆ ಉಬ್ಬಿದ್ದ ಕಾಲದಲ್ಲಿ ಬೆಳೆಗಾರರ ಮುಖಂಡರೇ ಆಸೆಬಿದ್ದು ಏರಿಸಿಕೊಂಡ ಬೆಲೆ ಅದು. ರೈತ ಸಂಘ 1980ರಿಂದಲೂ ಕೇಳುತ್ತಾ ಬಂದಿರುವ ವೈಜ್ಞಾನಿಕ ಬೆಲೆ ಅಂದರೆ ಬೇರೆ. ಬಿತ್ತನೆಯಿಂದ ಕೂಲಿಯವರೆಗೆ, ಮನೆಯವರ ದುಡಿಮೆಯೂ ಸೇರಿ, ತಗಲಿದ ಖರ್ಚಿನ ಲೆಕ್ಕ ಮಾಡಿ ಅದರ ಮೇಲೆ ಬದುಕುವಷ್ಟು ಲಾಭ. ಈ ವ್ಯತ್ಯಾಸ ಬಿಟ್ಟುಕೊಟ್ಟರೆ ನಾಳೆ ನಮ್ಮ ಬಾಯನ್ನೂ ಹೀಗೇ ಮುಚ್ಚಿಸುತ್ತಾರೆ.

ಹಾಲಿನ ಕತೆ ಇನ್ನೂ ಹತ್ತಿರದ್ದು. 2000ನೇ ಇಸವಿಯ ಜುಲೈ 1ರಂದು ಅಲ್ಲಿ ಹಾಲಿನ ಬೆಲೆ ನಿಯಂತ್ರಣ ತೆಗೆದರು. 2011ರ ಜನವರಿ 26ರಂದು ಒಂದು ದೊಡ್ಡ ಅಂಗಡಿ ಸರಪಳಿ ತನ್ನ ಹಾಲನ್ನು ಲೀಟರಿಗೆ ಒಂದೇ ಡಾಲರಿಗೆ ಮಾರಲು ಕೂತಿತು. ಎದುರಾಳಿ ಅಂಗಡಿಗಳೂ ಅದೇ ದಾರಿ ಹಿಡಿದವು. 2016ರ ಏಪ್ರಿಲ್‌ನಲ್ಲಿ ಮರ್ರೆ ಗೌಲ್ಬರ್ನ್ ಎಂಬ ರೈತರದೇ ಸಹಕಾರಿ ಡೇರಿ, ವರ್ಷ ಮುಗಿಯಲು ಎರಡು ತಿಂಗಳಿರುವಾಗ, ಇಡೀ ವರ್ಷದ ಬೆಲೆಯನ್ನು ಇಳಿಸಿತು. ಆಗಲೇ ಕೊಟ್ಟಿದ್ದ ಹೆಚ್ಚಿನ ಹಣ ರೈತರ ಮೇಲೆ ಬಾಕಿಯಾಗಿ ಕೂತಿತು. ಹಾಲು ಹಾಕಿದವನೇ ಸಾಲಗಾರ! 2018ರಲ್ಲಿ ಆ ಡೇರಿಯನ್ನು ಕೆನಡಾದ ಸಪೂಟೊ ಕಂಪನಿ ಕೊಂಡಿತು. 1980ರಲ್ಲಿ ಅಲ್ಲಿ ಸುಮಾರು 22,000 ಹಾಲಿನ ಹಿಡುವಳಿಗಳಿದ್ದವು, ಈಗ 5,000ಕ್ಕೂ ಕಡಿಮೆ. ನಮ್ಮ ಊರೂರ ಡೇರಿಗಳ ಸದಸ್ಯರು ಮಹಾಸಭೆಯಲ್ಲಿ ಕಾಫಿ ತಿಂಡಿಗೆ ಮಾತ್ರ ಹೋಗಿ ಬರುತ್ತಾರಲ್ಲ, ಅವರು ಈ ಸಂಗತಿಯನ್ನು ಒಮ್ಮೆ ಓದಿಸಿ ಕೇಳಲಿ.

ಅಲ್ಲಿನ ರೈತ ನಮ್ಮ ಶತ್ರುವೇ ಅಂದರೆ, ಅಲ್ಲ. ಆದರೆ ಅವನನ್ನು ನಮ್ಮ ಮೇಲೆ ಎತ್ತಿ ಕಟ್ಟುವವರು ಇದ್ದಾರೆ. 2024ರ ಮೇ ತಿಂಗಳಲ್ಲಿ ದಿಲ್ಲಿ ಸರ್ಕಾರ ಕಡಲೆಯ ಆಮದು ಸುಂಕವನ್ನು ಪೂರ್ತಿ ತೆಗೆಯಿತು. ಆಸ್ಟ್ರೇಲಿಯಾದ ಕಡಲೆ ಹಡಗು ಹಡಗಾಗಿ ಬಂತು. ಮತ್ತೆ ನೂರಕ್ಕೆ 10 ಸುಂಕ ಹಾಕಿದ್ದು 2025ರ ಏಪ್ರಿಲ್ 1ರಿಂದ, ಅಂದರೆ ಗದಗ, ಧಾರವಾಡ, ಕಲಬುರಗಿಯ ಹಿಂಗಾರಿ ಕಡಲೆ ಕಣ ಸೇರಿ ಬಹುಪಾಲು ಮಾರಿಹೋದ ಮೇಲೆ. ಬ್ರಿಮ್ ಸುತ್ತಿನ ರೈತನಿಗೂ ನಮಗೂ ಒಂದೇ ತಕ್ಕಡಿ, ಹಿಡಿದವನೂ ಒಬ್ಬನೇ.

ಈಗ ಹಳೇ ಮದ್ರಾಸ್ ರಸ್ತೆಗೆ ವಾಪಸು ಬರೋಣ. ಕ್ಯಾರವಾನ್ ಕಿಟಕಿಯಿಂದ ಈ ಸೀಮೆ ಹೇಗೆ ಕಾಣುತ್ತೆ? ಬೆಟ್ಟ ದೂರಕ್ಕೆ ನುಣ್ಣಗೆ. ಕೋಲಾರದ ಕೆರೆಗಳು ತುಂಬಿ ತುಳುಕುತ್ತಿವೆ, ಆಹಾ ಎಂಥ ಸೊಬಗು! ಆ ನೀರು ಎಲ್ಲಿಯದು ಅಂತ ಕಿಟಕಿ ಹೇಳುವುದಿಲ್ಲ. 2018ರ ಜೂನ್‌ನಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತ ಮಾತ್ರ ಶುದ್ಧಿ ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಾ ಬಂದರು. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಅಂತ ಕೇಳಿದ ಜನ ಬೀದಿಗೂ ಇಳಿದರು, ಕೋರ್ಟಿಗೂ ಹೋದರು. ಅಂತರ್ಜಲ ಏರಿದೆ ಅನ್ನುವುದು ನಿಜ, ನಾನು ಸುಳ್ಳು ಹೇಳುವವನಲ್ಲ. ಆದರೆ ಅದೇ ನೀರಲ್ಲಿ ಬೆಳೆದ ಸೊಪ್ಪು ಕಂಡರೆ ಪಟ್ಟಣದವರು ಮೂಗು ಮುರಿಯುತ್ತಾರೆ. ಅವರದೇ ನೀರು ಸ್ವಾಮಿ!

ಇನ್ನು ನಮ್ಮ ಟೊಮೇಟೊ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತು. ಟಿವಿಯವರೆಲ್ಲ ಟೊಮೇಟೊ ಕೋಟ್ಯಧಿಪತಿಗಳನ್ನು ಹುಡುಕಿಕೊಂಡು ಬಂದರು. ಕೆಲವೇ ವಾರಗಳಲ್ಲಿ ಬೆಲೆ ನೆಲ ಕಚ್ಚಿತು, ಆಗ ಒಬ್ಬ ಟಿವಿಯವನೂ ಇರಲಿಲ್ಲ. ಮಾವಿನ ಗತಿ ಇನ್ನೂ ಕೆಟ್ಟದ್ದು. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲೆ ನಮ್ಮ ತೋತಾಪುರಿಗೆ ಗಡಿ ಮುಚ್ಚಿತು. ಶ್ರೀನಿವಾಸಪುರದ ಬೆಳೆಗಾರ ಲೋಡು ಇಟ್ಟುಕೊಂಡು ಎಲ್ಲಿಗೆ ಹೋಗಬೇಕು? ರಾಜ್ಯದ ಕೃಷಿ ಬೆಲೆ ಆಯೋಗದ ಪ್ರಕಾರ ಮಾವಿಗೆ ತಗಲುವ ಖರ್ಚು ಕ್ವಿಂಟಾಲಿಗೆ 5,466 ರೂಪಾಯಿ. ಕೇಂದ್ರ ಸರ್ಕಾರ ಮಧ್ಯಪ್ರವೇಶ ಮಾಡಿ ಒಪ್ಪಿದ ಬೆಲೆ 1,616 ರೂಪಾಯಿ. ಸರ್ಕಾರವೇ ಒಂದು ಕೈಯಲ್ಲಿ ಖರ್ಚು ಬರೆಯುತ್ತೆ, ಇನ್ನೊಂದು ಕೈಯಲ್ಲಿ ಅದರ ಮೂರನೇ ಒಂದು ಭಾಗವೂ ಇಲ್ಲದ ಬೆಲೆ ಬರೆಯುತ್ತೆ. ಉಳಿದ 3,850 ರೂಪಾಯಿ ಎಲ್ಲಿ ಹೋಯಿತು? ಅದೇ ನಮ್ಮ ಸಾಲ. ಸೊಸೈಟಿ ಪುಸ್ತಕದಲ್ಲಿ, ಪಿಎಲ್‌ಡಿ ಬ್ಯಾಂಕಿನ ನೋಟೀಸಿನಲ್ಲಿ, ಅಡವಿಟ್ಟ ಹೆಂಡತಿ ಒಡವೆಯ ಚೀಟಿಯಲ್ಲಿ ಕೂತಿರುವುದು ಈ 3,850. ಸಾಲ ನಾವು ಮಾಡಿದ್ದಲ್ಲ, ಬೆಲೆ ಕಟ್ಟಿದವರು ನಮ್ಮ ತಲೆಗೆ ಕಟ್ಟಿದ್ದು.

ಇಂಥ ಹೊತ್ತಲ್ಲಿ ಒಬ್ಬ ನೀಟಾದ ಮನುಷ್ಯ ನಿಮ್ಮ ರಸ್ತೆ ಬದಿಯ ತೋಟಕ್ಕೆ ಬಂದು, "ಯಜಮಾನ್ರೇ, ಎರಡು ಎಕರೆ ಕೊಡಿ, ಕ್ಯಾರವಾನ್ ಪಾರ್ಕ್ ಮಾಡೋಣ, ನಲ್ಲಿ, ಕರೆಂಟು, ಕಕ್ಕಸು ಕಟ್ಟಿಸಿ, ಬ್ಯಾಂಕಿಂದ ಸಾಲ ನಾನೇ ಕೊಡಿಸ್ತೀನಿ" ಅಂದರೆ ಬಾಯಲ್ಲಿ ನೀರೂರದೆ ಇರುತ್ತದೆಯೇ? ಅದಕ್ಕೇ ಈ ಮಾತನ್ನು ಇಬ್ಬರಿಗೆ ಕೇಳುವ ಹಾಗೆ ಓದಿ. 2002ರ ಸರ್ಫೇಸಿ ಕಾಯ್ದೆ ಬ್ಯಾಂಕಿಗೆ ಒಂದು ಕತ್ತಿ ಕೊಟ್ಟಿದೆ. ಸಾಲ ಕಟ್ಟದಿದ್ದರೆ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡದೆ ಅಡವಿಟ್ಟ ಆಸ್ತಿಯನ್ನು ವಶಕ್ಕೆ ತಗೊಂಡು ಹರಾಜು ಹಾಕಬಹುದು. ಕೃಷಿ ಜಮೀನಿನ ಮೇಲಿನ ಅಡಮಾನವನ್ನು ಮಾತ್ರ ಅದರ 31ನೇ ಕಲಮು ಆ ಕತ್ತಿಯಿಂದ ಹೊರಗಿಟ್ಟಿದೆ. ಪಾರ್ಕಿಗಾಗಿ ನೀವು ಕನ್ವರ್ಷನ್ ಮಾಡಿಸಿದ ದಿನ ಆ ಜಮೀನು ಕೃಷಿ ಜಮೀನಲ್ಲ. ಆ ರಕ್ಷಣೆ ನಿಮ್ಮ ಕೈಯಿಂದಲೇ ಹೋಯಿತು. ಆ ನೆಲದ ಮೇಲೆ ಸೊಸೈಟಿಯ ಬಡ್ಡಿಯಿಲ್ಲದ ಬೆಳೆಸಾಲ ಇಲ್ಲ. ನಾಳೆ ಬೆಳೆಸಾಲ ಮನ್ನಾ ಅಂತ ಯಾವ ಸರ್ಕಾರ ಸಾರಿದರೂ ಆ ಪಾರ್ಕಿನ ಸಾಲ ಆ ಪಟ್ಟಿಗೆ ಸೇರುವುದಿಲ್ಲ. ಎರಡು ವರ್ಷ ಗಾಡಿ ಬಂದು, ಮೂರನೇ ವರ್ಷ ಬಾರದೇ ಹೋದರೆ, ಕಕ್ಕಸು ಸಾಲಾಗಿ ನಿಂತಿರುತ್ತವೆ, ಜಮೀನು ಹರಾಜಿಗೆ ಬಂದಿರುತ್ತೆ. ಕೊಳ್ಳುವವನಿಗೆ ಯಾವ ಅಡ್ಡಿಯೂ ಇರುವುದಿಲ್ಲ. ಉಳಿದ ಕೃಷಿ ಜಮೀನಿಗಾದರೂ ತಡೆ ಇದೆಯೇ ಅಂದರೆ, ಹೆಚ್ಚು ವರಮಾನದವರನ್ನೂ ಕೃಷಿಕರಲ್ಲದವರನ್ನೂ ತಡೆದಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರಲ್ಲೇ ಕಿತ್ತು ಬಿಸಾಡಿದ್ದಾರೆ.

ಆಸ್ಟ್ರೇಲಿಯಾದಿಂದ ತರಬೇಕಾದದ್ದು ಏನೂ ಇಲ್ಲವೇ? ಇದೆ. ಅದನ್ನು ಕ್ಯಾರವಾನ್ ನೀತಿ ಬರೆದವರು ನೋಡಲಿಲ್ಲ. 1994ರಲ್ಲಿ ನ್ಯೂ ಸೌತ್ ವೇಲ್ಸ್ ಪ್ರಾಂತ್ಯ ಒಂದು ಕಾಯ್ದೆ ಮಾಡಿತು. ಸಾಲ ತೀರದ ರೈತನ ಜಮೀನಿಗೆ ಕೈ ಹಾಕುವ ಮೊದಲು ಸಾಲಕೊಟ್ಟವನು ಮಧ್ಯಸ್ಥನೊಬ್ಬನ ಮುಂದೆ ರೈತನ ಎದುರು ಕೂತು ಮಾತಾಡುವ ಅವಕಾಶ ಕೊಡಲೇಬೇಕು. ಅದಿಲ್ಲದೆ ಜಪ್ತಿ ಇಲ್ಲ. 2011ರಲ್ಲಿ ವಿಕ್ಟೋರಿಯಾವೂ ಅಂಥದೇ ಕಾಯ್ದೆ ಮಾಡಿತು. ಅದೇ ಬ್ರಿಮ್ ಇರುವ ಪ್ರಾಂತ್ಯ. ಚಿತ್ರ ಬರೆದ ಗೋಡೆ ನೋಡಿ ಬಂದವರು ಈ ಕಾಗದವನ್ನೂ ಒಂದು ನಕಲು ತಂದಿದ್ದರೆ ನಾವೇ ಹೂವಿನ ಹಾರ ಹಾಕಿ ಸ್ವಾಗತ ಮಾಡುತ್ತಿದ್ದೆವು. ಇಲ್ಲಿ ಈಗಲೂ ಬ್ಯಾಂಕಿನವನು ಬರುವುದು ಮಾತಾಡೋಕಲ್ಲ, ಬಾಗಿಲಿಗೆ ನೋಟೀಸು ಅಂಟಿಸೋಕೆ.

ಕ್ಯಾರವಾನ್ ಎಂಬ ಮಾತು ರೈತ ಸಂಘಕ್ಕೆ ಹೊಸದೇನಲ್ಲ, ಇದನ್ನು ಚಿಕ್ಕ ವಯಸ್ಸಿನವರಿಗೆ ಹೇಳಬೇಕು. 1999ರ ಮೇ ಮತ್ತು ಜೂನ್ ತಿಂಗಳಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳತ್ವದಲ್ಲಿ ನಾನೂರಕ್ಕೂ ಹೆಚ್ಚು ರೈತರು, ಅವರಲ್ಲಿ ದೊಡ್ಡ ಪಾಲು ಕರ್ನಾಟಕದವರು, ಬಸ್ಸುಗಳಲ್ಲಿ ಯೂರೋಪು ಸುತ್ತಿದರು. ಅದರ ಹೆಸರೇ ಅಂತರಖಂಡ ಕ್ಯಾರವಾನ್. ಹಸಿರು ಟವೆಲ್ ಹೆಗಲ ಮೇಲೆ ಹಾಕಿಕೊಂಡು ಜಿನೀವಾದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಬಾಗಿಲಿಗೆ ಹೋದರು. ಜೂನ್ 5ರಂದು ಫ್ರಾನ್ಸಿನ ಮೊಂಪೆಲಿಯೆಯಲ್ಲಿ ಅಲ್ಲಿನ ರೈತ ಮುಖಂಡ ಜೋಸೆ ಬೋವೆ ಜೊತೆ ಸೇರಿ ಕುಲಾಂತರಿ ಭತ್ತದ ಪೈರನ್ನು ಕಿತ್ತುಹಾಕಿದರು. ಜೂನ್ 18ರಂದು ದೊಡ್ಡ ರಾಷ್ಟ್ರಗಳ ನಾಯಕರು ಸೇರಿದ್ದ ಜರ್ಮನಿಯ ಕಲೋನ್‌ನಲ್ಲಿದ್ದರು. ಅವರೂ ಹಳ್ಳಿ ನೋಡಿದರು, ಅಲ್ಲಿನ ರೈತರ ಕೊಟ್ಟಿಗೆಗೂ ಹೊಲಕ್ಕೂ ಹೋದರು. ಹೋದದ್ದು ಸಾಗರದಾಚೆಯ ರೈತನ ಕೊರಳಿಗೂ ಅದೇ ಹಗ್ಗ ಇದೆಯೇ ಅಂತ ನೋಡೋಕೆ. ಆ ಗಾಡಿಗಳಿಗೆ ಯಾವ ಸರ್ಕಾರವೂ ನೂರಕ್ಕೆ 15 ಕೊಡಲಿಲ್ಲ.

ಹಾಗಾದರೆ ಬರುವ ಕ್ಯಾರವಾನ್‌ಗಳಿಗೆ ಕಲ್ಲು ಹೊಡೆಯಬೇಕೆ? ಛೆ, ಬಂದವರಿಗೆ ಒಂದು ಚೆಂಬು ನೀರು ಕೊಡುವುದು ನಮ್ಮ ಮನೆತನ. ಆದರೆ ಊರು ನಮ್ಮದು, ಮಾತು ನಮ್ಮದಿರಬೇಕು. 1980ರ ದಶಕದಲ್ಲಿ ರೈತ ಸಂಘ ಊರ ಬಾಗಿಲಲ್ಲಿ ಬೋರ್ಡು ನೆಟ್ಟು, ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಕಾಲಿಡುವ ಹಾಗಿಲ್ಲ ಅಂತ ಬರೆಸಿತ್ತು. ಆ ಬೋರ್ಡಿನ ಕಂಬ ಎಷ್ಟೋ ಊರಲ್ಲಿ ಇನ್ನೂ ಇರಬಹುದು. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಜಾತ್ರೆಗೆ ಬಂದವರಿಂದ, ನೀರು ನೈರ್ಮಲ್ಯದ ಏರ್ಪಾಡು ಮಾಡಿದರೆ, ಯಾತ್ರಿಕರ ಶುಲ್ಕ ಎತ್ತುವ ಅಧಿಕಾರ ಪಂಚಾಯತಿಗೆ ಇದೆ. ದೇವರನ್ನು ನೋಡೋಕೆ ಬಂದ ಬಡವನಿಂದ ಎತ್ತಬಹುದಾದರೆ, ನಮ್ಮನ್ನು ನೋಡೋಕೆ ಬಂದ ಗಾಡಿಯಿಂದ ಯಾಕೆ ಎತ್ತಬಾರದು? ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ನಡವಳಿ ಪುಸ್ತಕದಲ್ಲಿ ಬರೆಸಿ. ಕಕ್ಕಸಿನ ಟ್ಯಾಂಕನ್ನು ಕೆರೆಗಾಗಲಿ ರಾಜಕಾಲುವೆಗಾಗಲಿ ಬಿಟ್ಟರೆ ದಂಡ ಎಷ್ಟು ಅಂತಲೂ ಬರೆಸಿ. ನೆಲ ಕೊಡುವವರಿದ್ದರೆ ಕನ್ವರ್ಷನ್ ಮಾಡಿಸದೆ, ಬೆಳೆ ಇಲ್ಲದ ತಿಂಗಳಿಗೆ ಮಾತ್ರ, ದಿನದ ಬಾಡಿಗೆ ಮುಂಗಡ ತಗೊಂಡು ಕೊಡಲಿ. ಪಹಣಿ ಯಾರ ಕೈಗೂ ಕೊಡಬೇಡಿ, ಬರೀ ಸಹಿ ಅಂತ ಹೇಳಿ ತಂದ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ.

ಇನ್ನೊಂದು ಬೋರ್ಡು ಬೇಕು, ಮಾಲಿನ ಬೋರ್ಡು. ಟೊಮೇಟೊ, ಮಾವು, ರಾಗಿ, ಹಾಲು, ಒಂದೊಂದಕ್ಕೂ ನಮಗೆ ತಗಲಿದ ಖರ್ಚು ಇಷ್ಟು, ಅದರ ಮೇಲೆ ನಮ್ಮ ಬೆಲೆ ಇಷ್ಟು. ಮಂಡಿಯವನು ಬಿಳಿಚೀಟಿಯಲ್ಲಿ ಏನಾದರೂ ಬರೆದುಕೊಳ್ಳಲಿ, ನಮ್ಮ ಊರಲ್ಲಿ ನಮ್ಮ ಅಂಕಿ ಇರಲಿ. ಊರಿಗೆ ಬಂದವರು ಆ ಬೆಲೆಗೆ ಕೊಳ್ಳಲಿ, ಕೊಳ್ಳದಿದ್ದರೂ ಓದಿಕೊಂಡು ಹೋಗಲಿ.

ಅವತ್ತು ಬೆಳಿಗ್ಗೆ ಬೈಯಪ್ಪನಹಳ್ಳಿಯಲ್ಲಿ ಆ ಯಜಮಾನರಿಗೆ ಎರಡು ಕೆಜಿ ಟೊಮೇಟೊ ಸುಮ್ಮನೇ ಕೊಟ್ಟೆ. ಬೇಡ ಬೇಡ ಅಂದರು, ಆಮೇಲೆ ತಗೊಂಡರು. ಒಂಬತ್ತು ಗಂಟೆಗೆ ಮಂಡಿಯಲ್ಲಿ ನನ್ನ ಬಾಕ್ಸು ಕೂಗಿದ್ದು 110 ರೂಪಾಯಿಗೆ. ಬಾಡಿಗೆ, ಹಮಾಲಿ, ಕಮಿಷನ್ ಕಳೆದು ಕೈಗೆ ಬಂದದ್ದನ್ನು ಡ್ರೈವರ್ ಹುಡುಗನ ಮುಂದೆಯೇ ಎಣಿಸಿದೆ. ಬಿಡಿಸಿದ ಕೂಲಿಗೆ ಇನ್ನೂ ಮನೆಯಿಂದಲೇ ಹಾಕಬೇಕಿತ್ತು.